ಪವೆಲ್ ಅನ್ನೋ ಹೆಸರಿನ ಬೆನ್ನು ಹತ್ತಿ

ನನ್ನ ಗಂಡನ ಮನೆಯವರು ವೇಲ್ಸ್‌ನ ಬ್ರೆಕನ್ ಕಡೆಯವರು. ಮನೆತನದ ಹೆಸರು ಪವೆಲ್. ಇದರ ಅರ್ಥ ಹುಡುಕೋದು ಸುಲಭ, ಬುಡ ಹುಡುಕೋದು ಕಷ್ಟ.

ವೆಲ್ಷ್ ಭಾಷೆಯಲ್ಲಿ 'ಅಪ್' ಅಂದರೆ ಮಗ. ಹವೆಲ್‌ನ ಮಗ 'ಅಪ್ ಹವೆಲ್'. ಬೇಗ ಬೇಗ ಹೇಳಿ ನೋಡಿ, ಪವೆಲ್ ಆಗುತ್ತದೆ. ಹೀಗೇ ಅಪ್ ರೀಸ್ ಹೋಗಿ ಪ್ರೈಸ್ ಆಯಿತು, ಅಬ್ ಓವೆನ್ ಹೋಗಿ ಬೋವೆನ್. ಹತ್ತನೇ ಶತಮಾನದಲ್ಲಿ ಹವೆಲ್ ದಾ ಅನ್ನೋ ರಾಜನಿದ್ದ, ಕಾನೂನುಗಳಿಗೆ ಹೆಸರಾದವನು. ಪವೆಲ್‌ಗಳೆಲ್ಲ ಅವನ ವಂಶ ಅಂತ ಹೇಳೋರು ಸಿಗುತ್ತಾರೆ. ಸುಮ್ನೆ ಕೇಳಿಸಿಕೊಳ್ಳಿ, ನಂಬಬೇಡಿ. ಹವೆಲ್ ಅಂತ ಹೆಸರಿದ್ದವರು ಎಲ್ಲ ಊರಲ್ಲೂ ಇದ್ದರು. ಎರಡು ಪವೆಲ್ ಮನೆಗಳು ನೆಂಟರೇ ಆಗಬೇಕಿಲ್ಲ.

ಹಾಗಾಗಿ ನಾನು ಹೆಸರಿಗಿಂತ ಊರಿಗೆ ಜಾಸ್ತಿ ಗಮನ ಕೊಟ್ಟೆ. ಅಲ್ಲಿ 1837ರಿಂದ ಸರ್ಕಾರಿ ನೋಂದಣಿ ಇದೆ. ಮದುವೆ ಸರ್ಟಿಫಿಕೇಟಿನಲ್ಲಿ ಗಂಡು, ಹೆಣ್ಣು ಇಬ್ಬರ ಅಪ್ಪಂದಿರ ಹೆಸರೂ ಕಸುಬೂ ಇರುತ್ತವೆ. 1851ರ ಜನಗಣತಿಯಲ್ಲಿ ಹುಟ್ಟಿದ ಊರು ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ರಿಜಿಸ್ಟರೇ ಗತಿ. ಒಂದೇ ಊರಲ್ಲಿ ಮೂವರು ತಾಮಸ್ ಪವೆಲ್ ಎದುರಾದಾಗ ಕೈಹಿಡಿದದ್ದು ಅವರವರ ಜಮೀನಿನ, ಅಂದರೆ ಫಾರ್ಮಿನ ಹೆಸರು.

ಹದಿನೆಂಟನೇ ಶತಮಾನಕ್ಕೆ ಹೋದರೆ ಪವೆಲ್ಲೇ ಮಾಯ! ಮಕ್ಕಳು ಪವೆಲ್, ಅಪ್ಪ ರೀಸ್ ಹವೆಲ್, ಅವನ ಅಪ್ಪ ಹವೆಲ್ ತಾಮಸ್. ಪ್ರತಿ ತಲೆಮಾರಿಗೂ ಹೆಸರು ಬೇರೆ. ಅತ್ತೆಗೆ ಇದು ವಿಚಿತ್ರ ಅನ್ನಿಸಿತು. ನನಗೆ ಹಾಗನ್ನಿಸಲಿಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಇದ್ದದ್ದೂ ಅಪ್ಪನ ಹೆಸರೇ ಅಲ್ವಾ? 1536ರಲ್ಲಿ ವೇಲ್ಸ್ ಕಾನೂನಿನ ಪ್ರಕಾರ ಇಂಗ್ಲೆಂಡಿಗೆ ಸೇರಿತು. ಆಮೇಲೆ ಜಮೀನ್ದಾರರು ಮೊದಲು ಇಂಗ್ಲಿಷರ ಹಾಗೆ ಒಂದೇ ಹೆಸರು ಇಟ್ಟುಕೊಂಡರು. ಹಳ್ಳಿಯವರು ತುಂಬ ತಡವಾಗಿ ಬದಲಾದರು.

ಈ ಹಂತದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ವಿಲ್‌ಗಳು. ಅಬೆರಿಸ್ಟ್ವಿತ್‌ನಲ್ಲಿರುವ ವೇಲ್ಸ್‌ನ ರಾಷ್ಟ್ರೀಯ ಗ್ರಂಥಾಲಯ 1858ಕ್ಕಿಂತ ಹಿಂದಿನ ವಿಲ್‌ಗಳನ್ನು ಆನ್‌ಲೈನಿನಲ್ಲಿ ಪುಕ್ಕಟೆ ತೋರಿಸುತ್ತದೆ. ಯಾರ ಮಗ ಯಾರು, ಯಾವ ಫಾರ್ಮ್ ಯಾರಿಗೆ ಹೋಯಿತು ಅನ್ನೋದು ಅಲ್ಲಿ ಬಿಡಿಸಿ ಬರೆದಿರುತ್ತದೆ. ಹೆಂಡತಿಯ ಹೆಸರಿನ ಮುಂದೆ ಬೇರೆ ಹೆಸರಿದ್ದರೆ ಇವಳು ಬೇರೆ ಮನೆಯವಳು ಅಂತ ಬಿಟ್ಟುಬಿಡಬೇಡಿ. ಆ ಕಾಲದ ವೆಲ್ಷ್ ಹೆಂಗಸರು ಮದುವೆಯಾದ ಮೇಲೂ ಅಪ್ಪನ ಹೆಸರನ್ನೇ ಇಟ್ಟುಕೊಳ್ಳುತ್ತಿದ್ದರು. ರೀಸ್‌ನ ಹೆಂಡತಿಯ ತವರು ನನಗೆ ಗೊತ್ತಾದದ್ದೇ ಹಾಗೆ. ಈಗ ಆ ಕಡೆಯವರನ್ನು ಹುಡುಕುತ್ತಿದ್ದೇನೆ.