ಜಾಝ್ ಬೇಸ್‌ಗೆ ಮೊದಲಿನ ವೈರಿಂಗ್ ಮರಳಿಸುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಬೇಸ್ ಗಿಟಾರ್ ಕೊಂಡ ಅನೇಕರು ಕೆಲವೇ ದಿನಗಳಲ್ಲಿ ಹೇಳುವ ಮಾತು ಒಂದೇ: "ಪಿಕಪ್ ಹೋಗಿದೆ." (ಪಿಕಪ್ ಅಂದರೆ ಸ್ಟ್ರಿಂಗ್ ಅದುರುವುದನ್ನು ವಿದ್ಯುತ್ ಸಿಗ್ನಲ್ ಆಗಿಸುವ, ಅಯಸ್ಕಾಂತ ಮತ್ತು ತಂತಿ ಸುರುಳಿಯ ಭಾಗ.) ಸದ್ದು ಸಣ್ಣಗೆ ಬರುತ್ತದೆ. ಒಂದು ವಾಲ್ಯೂಮ್ ಇಳಿಸಿದರೆ ಇಡೀ ಗಿಟಾರ್ ಸುಮ್ಮನಾಗುತ್ತದೆ. ಎರಡೂ ಪಿಕಪ್ ಒಟ್ಟಿಗೆ ಹಾಕಿದರೆ ತಗ್ಗಿನ ಸ್ವರಗಳೇ ಮಾಯ. ಹೊಸ ಪಿಕಪ್ ತರಿಸುವ ಮೊದಲು ಸ್ವಲ್ಪ ತಡೆಯಿರಿ. ಹೆಚ್ಚಿನ ಸಲ ಪಿಕಪ್ ಚೆನ್ನಾಗಿಯೇ ಇರುತ್ತದೆ. ಹಿಂದೆ ಇಟ್ಟುಕೊಂಡಿದ್ದವರು ಯಾರೋ ವೈರ್ ಬದಲಿಸಿರುತ್ತಾರೆ, ಅಷ್ಟೇ. ಬದುಕಿರುವ ಪಿಕಪ್ಪನ್ನು ಸತ್ತಿದೆ ಅಂತ ಕಿತ್ತೆಸೆಯುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಅದಕ್ಕೇ ಈ ಲೇಖನದಲ್ಲಿ ಸೋಲ್ಡರಿಂಗ್ ಐರನ್‌ಗಿಂತ ಮಲ್ಟಿಮೀಟರ್‌ಗೆ ಜಾಸ್ತಿ ಜಾಗ.

ಇಲ್ಲಿ ಹೇಳುತ್ತಿರುವುದು ಫೆಂಡರ್ ಜಾಝ್ ಬೇಸ್ ಬಗ್ಗೆ. ನಮ್ಮಲ್ಲಿ ಹೆಚ್ಚಾಗಿ ಕಾಣುವ ಸ್ಕ್ವಯರ್ ಜಾಝ್ ಬೇಸ್‌ಗೂ, ಅದೇ ಮಾದರಿಯ ಬೇರೆ ಗಿಟಾರ್‌ಗಳಿಗೂ ಇದೇ ಲೆಕ್ಕ.

ಮೊದಲಿನದು ಅಂದರೆ ಯಾವುದು?

ಜಾಝ್ ಬೇಸ್ ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ಆಗ ಅದಕ್ಕೆ ಒಂದರ ಮೇಲೊಂದು ಕೂತ ಜೋಡಿ ನಾಬ್‌ಗಳಿದ್ದವು. ಪ್ರತಿ ಪಿಕಪ್‌ಗೂ ತನ್ನದೇ ವಾಲ್ಯೂಮ್, ತನ್ನದೇ ಟೋನ್. 1962ರ ಹೊತ್ತಿಗೆ ಅದು ಮೂರು ನಾಬ್‌ಗಳಿಗೆ ಬಂತು: ಎರಡು ವಾಲ್ಯೂಮ್, ಎರಡಕ್ಕೂ ಸೇರಿ ಒಂದು ಟೋನ್. ಇವತ್ತು ಎಲ್ಲರೂ ಜಾಝ್ ಬೇಸ್ ವೈರಿಂಗ್ ಅನ್ನುವುದು ಇದನ್ನೇ. ಬ್ಯಾಟರಿ ಇಲ್ಲ, ಸ್ವಿಚ್ ಇಲ್ಲ. ಮೂರು ಪಾಟ್ (ನಾಬ್ ಕೆಳಗಿರುವ, ತಿರುಗಿಸಿದಂತೆ ರೋಧ ಬದಲಾಗುವ ಭಾಗ), ಟೋನ್‌ಗೆ ಒಂದು ಕೆಪಾಸಿಟರ್, ಕೇಬಲ್ ಚುಚ್ಚಲು ಒಂದು ಜ್ಯಾಕ್.

ಒಂದು ಎಚ್ಚರಿಕೆ. ಕಂಪನಿಯಿಂದಲೇ ಪ್ರೀಆಂಪ್ (ಬ್ಯಾಟರಿಯಿಂದ ನಡೆಯುವ, ಸಿಗ್ನಲ್ ಬಲಪಡಿಸುವ ಪುಟ್ಟ ಸರ್ಕ್ಯೂಟ್) ಹಾಕಿ ಬಂದ ಜಾಝ್ ಬೇಸ್‌ಗಳೂ ಇವೆ. 2000ರ ದಶಕದ ಕೆಲವು ಅಮೆರಿಕನ್ ಮಾದರಿಗಳಲ್ಲಿ ವಾಲ್ಯೂಮ್ ನಾಬ್‌ನೊಳಗೆ ಎಸ್-1 ಅನ್ನುವ ಒತ್ತುವ ಸ್ವಿಚ್ ಇರುತ್ತದೆ. ಅವುಗಳಿಗೆ ಆ ಪ್ರೀಆಂಪ್, ಆ ಸ್ವಿಚ್ ಇರುವುದೇ ಮೂಲ ವೈರಿಂಗ್. ನಿಮ್ಮ ಗಿಟಾರ್‌ನ ಮಾದರಿ ಯಾವುದು ಅಂತ ಖಚಿತ ಮಾಡಿಕೊಳ್ಳದೆ ಏನನ್ನೂ ಕೀಳಬೇಡಿ.

ಜನ ಯಾಕೆ ಬದಲಿಸುತ್ತಾರೆ ಅನ್ನುವುದೂ ಗೊತ್ತಿದ್ದರೆ ಒಳ್ಳೆಯದು. ಅಮೆರಿಕದ ಬೇಸ್ ವಾದಕ ಮಾರ್ಕಸ್ ಮಿಲ್ಲರ್ ಅವರ 1977ರ ಜಾಝ್ ಬೇಸ್‌ಗೆ ಗಿಟಾರ್ ತಯಾರಕ ರೋಜರ್ ಸಡೋವ್‌ಸ್ಕಿ ಪ್ರೀಆಂಪ್ ಹಾಕಿಕೊಟ್ಟರು. ಆ ಥಳಥಳಿಸುವ ಸ್ಲ್ಯಾಪ್ (ಹೆಬ್ಬೆರಳಿನಿಂದ ಸ್ಟ್ರಿಂಗ್ ಹೊಡೆದು ನುಡಿಸುವ) ಸದ್ದು ಕೇಳಿದ ಮೇಲೆ ಎಷ್ಟೋ ಜನ ತಮ್ಮ ಗಿಟಾರ್‌ಗೂ ಪ್ರೀಆಂಪ್ ಹಾಕಿಸಿಕೊಂಡರು. ಇನ್ನು ಕೆಲವರು ಎರಡು ಪಿಕಪ್‌ಗಳನ್ನು ಸೀರೀಸ್‌ನಲ್ಲಿ (ಒಂದರ ಹಿಂದೊಂದು ಸಾಲಾಗಿ) ಜೋಡಿಸುವ ಸ್ವಿಚ್ ಹಾಕುತ್ತಾರೆ. ಅದರಿಂದ ಸದ್ದು ಜೋರಾಗಿ, ದಪ್ಪಗೆ ಬರುತ್ತದೆ. ಎರಡೂ ತಪ್ಪಲ್ಲ. ಆದರೆ ಅರ್ಧಕ್ಕೆ ನಿಂತ ಬದಲಾವಣೆ, ಅಥವಾ ಅರ್ಧ ಮಾತ್ರ ಬಿಚ್ಚಿದ ಬದಲಾವಣೆ ಇದೆಯಲ್ಲ, ತೊಂದರೆ ಕೊಡುವುದು ಅದೇ.

ಬಿಚ್ಚುವ ಮೊದಲೇ ಜ್ಯಾಕ್‌ನಲ್ಲಿ ಅಳೆಯಿರಿ

ಬ್ಯಾಟರಿ ಇದ್ದರೆ ತೆಗೆಯಿರಿ. ಗಿಟಾರ್‌ಗೆ ಕೇಬಲ್ ಚುಚ್ಚಿ. ಕೇಬಲ್‌ನ ಇನ್ನೊಂದು ತುದಿಯ ಪ್ಲಗ್‌ಗೆ ಮೀಟರ್‌ನ ಎರಡು ಕಡ್ಡಿ ಹಿಡಿಯಿರಿ. ಒಂದು ಪ್ಲಗ್‌ನ ತುದಿಗೆ, ಇನ್ನೊಂದು ಅದರ ಉದ್ದನೆಯ ಮೈಗೆ. ಮೀಟರ್ 20 ಕಿಲೋ ಓಮ್ ರೇಂಜ್‌ನಲ್ಲಿರಲಿ.

ಜಾಝ್ ಬೇಸ್‌ನ ಒಂದೊಂದು ಪಿಕಪ್ ಸಾಮಾನ್ಯವಾಗಿ 7ರಿಂದ 8 ಕಿಲೋ ಓಮ್ ತೋರಿಸುತ್ತದೆ. ಮೂಲ ವೈರಿಂಗ್‌ನಲ್ಲಿ ಎರಡೂ ಪ್ಯಾರಲಲ್ (ಅಕ್ಕಪಕ್ಕ, ಎರಡು ಬೇರೆ ದಾರಿಗಳಂತೆ) ಆಗಿರುತ್ತವೆ. ಹಾಗಾಗಿ ಎರಡೂ ವಾಲ್ಯೂಮ್ ಪೂರ್ತಿ ಏರಿಸಿದಾಗ ಅದರ ಅರ್ಧ, ಅಂದರೆ ಸುಮಾರು 3.5ರಿಂದ 4 ಬರಬೇಕು. ಒಂದು ವಾಲ್ಯೂಮ್ ಸೊನ್ನೆಗೆ ತಂದರೆ 7ರ ಆಸುಪಾಸು. ಎರಡನ್ನೂ ಸೊನ್ನೆಗೆ ತಂದರೆ ಮೀಟರ್ ಸೊನ್ನೆ ತೋರಿಸುತ್ತದೆ ಅಂತ ಅಂದುಕೊಳ್ಳುತ್ತೀರಿ ಅಲ್ವಾ? ಇಲ್ಲ. ಸುಮಾರು 125 ಕಿಲೋ ಓಮ್ ತೋರಿಸುತ್ತದೆ (ಇದಕ್ಕೆ ಮೀಟರ್‌ನ ರೇಂಜ್ ಏರಿಸಿಕೊಳ್ಳಿ). ಯಾಕೆ ಅನ್ನುವುದು ಮುಂದೆ ಬರುತ್ತದೆ.

ಬೇರೆ ಸಂಖ್ಯೆ ಬಂದರೆ ಅದೂ ಸುಳಿವೇ. ಎರಡೂ ಪೂರ್ತಿ ಏರಿಸಿದಾಗ 14, 15 ಬಂದರೆ ಪಿಕಪ್‌ಗಳು ಸೀರೀಸ್‌ನಲ್ಲಿವೆ. 7 ಮಾತ್ರ ಬಂದರೆ ಒಂದು ಪಿಕಪ್ ಸರ್ಕ್ಯೂಟ್‌ಗೆ ಸೇರಿಲ್ಲ. ಒಂದು ವಾಲ್ಯೂಮ್ ಇಳಿಸಿದಾಗ ಸೊನ್ನೆಗೆ ಬಂದರೆ ಪಾಟ್‌ಗೆ ವೈರ್ ತಿರುವುಮುರುವಾಗಿ ಬೆಸೆದಿದ್ದಾರೆ. ಪ್ರೀಆಂಪ್ ಇದ್ದರೆ ಮಾತ್ರ ಈ ಅಳತೆಗೆ ಅರ್ಥವಿಲ್ಲ. ಆಗ ಪಿಕಪ್ ವೈರ್‌ಗಳನ್ನು ಬಿಡಿಸಿಯೇ ಅಳೆಯಬೇಕು.

ಈಗ ಸ್ಟ್ರಿಂಗ್ ಸಡಿಲಿಸಿ, ಕಂಟ್ರೋಲ್ ಪ್ಲೇಟ್‌ನ ಸ್ಕ್ರೂ ತೆಗೆದು, ಪ್ಲೇಟ್ ಮಗುಚಿ. ಫೋನ್‌ನಲ್ಲಿ ನಾಲ್ಕಾರು ಕಡೆಯಿಂದ ಫೋಟೊ ತೆಗೆಯಿರಿ. ಆಮೇಲೆ ಒಂದು ಹಾಳೆಯಲ್ಲಿ ಯಾವ ವೈರ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬರೆಯಿರಿ. ಫೋಟೊದಲ್ಲಿ ಒಂದರಡಿ ಒಂದು ಹೋದ ವೈರ್ ಕಾಣುವುದಿಲ್ಲ. ಬರೆಯಲು ಕೂತಾಗ ಮಾತ್ರ ಅದು ಗೊತ್ತಾಗುತ್ತದೆ.

ಪಾಟ್‌ಗಳ ಬೆನ್ನು ನೋಡಿ

ಬೇಕಾದದ್ದು 250 ಕಿಲೋ ಓಮ್‌ನ ಪಾಟ್, ಆಡಿಯೊ ಟೇಪರ್. ಈಗಿನ ಪಾಟ್‌ಗಳಲ್ಲಿ ಎ250ಕೆ ಅಂತ ಇರುತ್ತದೆ. ಬಿ250ಕೆ ಅಂದರೆ ಲೀನಿಯರ್. ಅದೂ ಕೆಲಸ ಮಾಡುತ್ತದೆ, ಆದರೆ ನಾಬ್ ತಿರುಗಿಸಿದಾಗ ಕಿವಿಗೆ ಸದ್ದು ಸಮನಾಗಿ ಇಳಿಯುವುದಿಲ್ಲ. ಆಕ್ಟಿವ್ (ಬ್ಯಾಟರಿಯಿಂದ ನಡೆಯುವ) ಪಿಕಪ್ ಹಾಕಿದ್ದವರು 25ಕೆ ಪಾಟ್ ಬಳಸಿರಬಹುದು. ಅದನ್ನು ಹಾಗೇ ಬಿಟ್ಟು ಪಿಕಪ್ ಮಾತ್ರ ಹಳೆಯದು ಹಾಕಿದರೆ ಗಿಟಾರ್ ಕಂಬಳಿ ಹೊದ್ದ ಹಾಗೆ ಮಂಕಾಗಿ ಕೇಳುತ್ತದೆ. ಇಂಥ ಗಿಟಾರ್‌ಗಳಲ್ಲೇ "ಪಿಕಪ್ ಹೋಗಿದೆ" ಅನ್ನುವ ಮಾತು ಹೆಚ್ಚು. ಗುಣಮಟ್ಟದ ಪಾಟ್‌ನಲ್ಲೂ ನೂರಕ್ಕೆ ಇಪ್ಪತ್ತರಷ್ಟು ಏರುಪೇರು ಸಹಜ. 200ರಿಂದ 300ರೊಳಗೆ ಇದ್ದರೆ ಚಿಂತೆ ಬೇಡ.

ಗಿಟಾರ್ ಹಳೆಯದಾಗಿದ್ದರೆ ಪಾಟ್‌ನ ಬೆನ್ನ ಮೇಲೆ ಒತ್ತಿದ ಅಂಕಿಗಳನ್ನು ಓದಿ. 1376632 ಅಂತ ಇದ್ದರೆ, 137 ಅಂದರೆ ಸಿಟಿಎಸ್ ಕಂಪನಿ, 66 ಅಂದರೆ 1966, 32 ಅಂದರೆ ಆ ವರ್ಷದ 32ನೇ ವಾರ. 304ರಿಂದ ಶುರುವಾದರೆ ಸ್ಟ್ಯಾಕ್‌ಪೋಲ್. ಇಂಥ ಪಾಟ್ ಕರಕರ ಅಂದರೆ ಕಾಂಟ್ಯಾಕ್ಟ್ ಕ್ಲೀನರ್ ಹಾಕಿ ತಿರುಗಿಸಿ ನೋಡಿ. ಬದಲಿಸುವುದು ಕೊನೆಯ ಮಾತು.

ಮೀಟರ್, ಐರನ್, ಕೆಪಾಸಿಟರ್ ಎಲ್ಲ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಸುಲಭವಾಗಿ ಸಿಗುತ್ತವೆ. ಪಾಟ್ ಕೊಳ್ಳುವಾಗ ಮಾತ್ರ ಹಳೆಯದನ್ನು ಜೊತೆಗೆ ಒಯ್ಯಿರಿ. ಅಮೆರಿಕನ್ ಗಿಟಾರ್‌ನ ಪಾಟ್‌ಗೆ ದಪ್ಪ ಕುತ್ತಿಗೆ, ಸ್ಕ್ರೂ ಬಿಗಿಯುವ ನಾಬ್‌ಗೆ ಹೊಂದುವ ನುಣುಪಾದ ಕಡ್ಡಿ ಇರುತ್ತದೆ. ಸಣ್ಣ ಪಾಟ್ ತಂದರೆ ಪ್ಲೇಟ್‌ನ ತೂತಿನಲ್ಲಿ ಅಲ್ಲಾಡುತ್ತದೆ. ಕೆಪಾಸಿಟರ್ ಮೇಲೆ 473 ಅಂತ ಇರಲಿ. ಅದು 0.047 ಮೈಕ್ರೋಫ್ಯಾರಡ್. ಅರವತ್ತರ ದಶಕದಲ್ಲಿ 0.05ರ ಸೆರಾಮಿಕ್ ಬಿಲ್ಲೆ ಹಾಕುತ್ತಿದ್ದರು. ಎರಡಕ್ಕೂ ವ್ಯತ್ಯಾಸ ಕೇಳುವಷ್ಟಿಲ್ಲ. ದುಬಾರಿ ಕೆಪಾಸಿಟರ್‌ಗೆ ದುಡ್ಡು ಸುರಿಯುವ ಅಗತ್ಯ ನನಗಂತೂ ಕಾಣುವುದಿಲ್ಲ.

ಪಿಕಪ್‌ಗಳ ದಿಕ್ಕು

ಎರಡು ಪಿಕಪ್‌ಗಳ ಬಿಳಿ, ಕಪ್ಪು ವೈರ್‌ಗಳನ್ನು ಈಗ ಬಿಡಿಸಿ. ಬಿಳಿ ಹಾಟ್ (ಸಿಗ್ನಲ್ ಹೋಗುವ ವೈರ್), ಕಪ್ಪು ಗ್ರೌಂಡ್ (ಅದು ಮರಳುವ ವೈರ್). ಆದರೆ ಬಣ್ಣವನ್ನೇ ನಂಬಬೇಡಿ. ಮೊದಲು ಒಂದು ಪಿಕಪ್‌ನ ಬಿಳಿಗೆ ಮೀಟರ್‌ನ ಕೆಂಪು ಕಡ್ಡಿ, ಕಪ್ಪಿಗೆ ಕಪ್ಪು ಕಡ್ಡಿ ಹಿಡಿದು ಓಮ್ ಓದಿ. 7, 8 ಬಂದರೆ ಪಿಕಪ್ ಜೀವಂತವಾಗಿದೆ. ಈಗ ಸ್ಕ್ರೂಡ್ರೈವರ್‌ನ ತುದಿಯನ್ನು ಪಿಕಪ್‌ನ ಅಯಸ್ಕಾಂತಗಳ ಮೇಲೆ ಮೆಲ್ಲಗೆ ಇಟ್ಟು, ಥಟ್ಟನೆ ಎತ್ತಿ. ಎತ್ತಿದ ಕ್ಷಣ ಅಂಕಿ ಏರಿತೇ, ಇಳಿಯಿತೇ ಬರೆದಿಡಿ. ಮುಳ್ಳಿನ ಮೀಟರ್ ಇದ್ದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಇನ್ನೊಂದು ಪಿಕಪ್‌ಗೂ ಹೀಗೇ ಮಾಡಿ. ಎರಡೂ ಒಂದೇ ಕಡೆಗೆ ಜಿಗಿದರೆ ಸರಿ. ಒಂದು ಏರಿ ಒಂದು ಇಳಿದರೆ ಅವು ಒಂದಕ್ಕೊಂದು ಎದುರಾಗಿವೆ. ಎರಡೂ ಹಾಕಿದಾಗ ತಗ್ಗಿನ ಸ್ವರ ಮಾಯವಾಗುವುದು ಇದರಿಂದಲೇ. ಆಗ ಒಂದರ ಬಿಳಿ, ಕಪ್ಪು ಅದಲುಬದಲು ಮಾಡಬೇಕು.

ಈ ಅದಲುಬದಲನ್ನು ಪಾಟ್‌ನ ಕಡೆ ಮಾಡಿ. ಪಿಕಪ್‌ನ ತಳದ ಬೆಸುಗೆ ಮುಟ್ಟಬೇಡಿ. ಸುರುಳಿಯ ತಂತಿ 42 ಗೇಜ್‌ನದು, 0.063 ಮಿಲಿಮೀಟರ್‌ನಷ್ಟೇ ದಪ್ಪ. ಐರನ್ ತಾಗಿದರೆ ಸಾಕು, ಕಿತ್ತುಬರುತ್ತದೆ.

ಇನ್ನೊಂದು ಪರೀಕ್ಷೆಗೆ ದಿಕ್ಸೂಚಿ ಬೇಕು. ಸಾಮಾನ್ಯವಾಗಿ ಜಾಝ್ ಬೇಸ್‌ನ ಒಂದು ಪಿಕಪ್‌ನ ಮೇಲ್ಮುಖ ಉತ್ತರ ಧ್ರುವ, ಇನ್ನೊಂದರದ್ದು ದಕ್ಷಿಣ. ಸುರುಳಿಗಳ ಸುತ್ತೂ ಒಂದಕ್ಕೊಂದು ಉಲ್ಟಾ. ಹಾಗಾಗಿ ಎರಡೂ ಪೂರ್ತಿ ಏರಿಸಿದಾಗ ಸ್ವರ ಕೂಡಿಕೊಳ್ಳುತ್ತದೆ, ಕರೆಂಟಿನ ಗುಂಯ್ ಸದ್ದು ಕಳೆದುಹೋಗುತ್ತದೆ. ನಮ್ಮ ಕರೆಂಟು 50 ಹರ್ಟ್ಜ್. ಇ ಸ್ಟ್ರಿಂಗ್‌ನ ಮೂರನೇ ಫ್ರೆಟ್‌ನ ಜಿ ಸ್ವರ 49 ಹರ್ಟ್ಜ್. ಎರಡೂ ಅಕ್ಕಪಕ್ಕ. ಗುಂಯ್ ಸದ್ದು ಬೇಸ್‌ನ ಸ್ವರದೊಳಗೇ ಕಲಸಿಹೋಗುವುದು ಅದಕ್ಕೇ. ಎರಡೂ ಪಿಕಪ್‌ಗೆ ಒಂದೇ ಧ್ರುವ ಕಂಡರೆ, ಯಾರೋ ಒಂದನ್ನು ಬೇರೆ ಸೆಟ್‌ನಿಂದ ತಂದು ಹಾಕಿರಬಹುದು. ಅದು ವೈರಿಂಗ್‌ನಿಂದ ಸರಿಯಾಗುವುದಿಲ್ಲ.

ಬೆಸುಗೆ

ಪ್ರೀಆಂಪ್, ಸ್ವಿಚ್, ಬ್ಯಾಟರಿ ಕ್ಲಿಪ್ ಎಲ್ಲ ಬಿಡಿಸಿ. ಪ್ರೀಆಂಪ್ ಹಾಕಿದ್ದರೆ ಜ್ಯಾಕ್ ಸ್ಟೀರಿಯೊ ಆಗಿರುತ್ತದೆ. ಅದರ ಮೂರನೇ ಕಾಲಿಗೆ ಬ್ಯಾಟರಿಯ ಕಪ್ಪು ವೈರ್ ಇರುತ್ತದೆ. ಆ ಕಾಲನ್ನು ಖಾಲಿ ಬಿಟ್ಟರೂ ನಡೆಯುತ್ತದೆ, ಮೋನೊ ಜ್ಯಾಕ್ ಹಾಕಿದರೆ ಇನ್ನೂ ಒಳ್ಳೆಯದು.

ಪಾಟ್‌ಗೆ ಮೂರು ಕಾಲು. ನಾಬನ್ನು ಪೂರ್ತಿ ಬಲಕ್ಕೆ ತಿರುಗಿಸಿ, ನಡುವಿನ ಕಾಲಿಗೂ ಅಂಚಿನ ಕಾಲಿಗೂ ಮೀಟರ್ ಹಿಡಿಯಿರಿ. ಸೊನ್ನೆ ಬರುವ ಅಂಚಿನ ಕಾಲಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಇದನ್ನು ಮಾಡಿಕೊಂಡರೆ ಎಡ, ಬಲದ ಗೊಂದಲವೇ ಇಲ್ಲ.

ಪ್ರತಿ ವಾಲ್ಯೂಮ್ ಪಾಟ್‌ನಲ್ಲೂ ಪಿಕಪ್‌ನ ಬಿಳಿ ವೈರ್ ನಡುವಿನ ಕಾಲಿಗೆ. ಗುರುತು ಹಾಕಿದ ಕಾಲು ಔಟ್‌ಪುಟ್. ಉಳಿದ ಕಾಲು ಪಾಟ್‌ನ ಬೆನ್ನಿಗೆ, ಅಂದರೆ ಗ್ರೌಂಡ್‌ಗೆ. ಜಾಝ್ ಬೇಸ್‌ನ ಗುಟ್ಟು ಇರುವುದು ಇಲ್ಲೇ. ಮಾಮೂಲಿ ಗಿಟಾರ್‌ಗಳಲ್ಲಿ ಪಿಕಪ್ ಅಂಚಿನ ಕಾಲಿಗೆ, ಔಟ್‌ಪುಟ್ ನಡುವಿಗೆ. ಇಲ್ಲಿ ಉಲ್ಟಾ. ಹೀಗಿರುವುದರಿಂದ ಒಂದನ್ನು ಸೊನ್ನೆಗೆ ಇಳಿಸಿದಾಗ ಆ ಪಿಕಪ್ ಮಾತ್ರ ಗ್ರೌಂಡ್ ಆಗುತ್ತದೆ, ಇನ್ನೊಂದು ಹಾಡುತ್ತಲೇ ಇರುತ್ತದೆ. ಎರಡೂ ಸೊನ್ನೆಯಲ್ಲಿದ್ದಾಗ ಜ್ಯಾಕ್‌ಗೆ ಕಾಣುವುದು ಎರಡು 250ಕೆ ಪಾಟ್‌ಗಳು ಪ್ಯಾರಲಲ್ ಆಗಿ. ಆ 125 ಬಂದದ್ದು ಹೀಗೆ.

ಎರಡೂ ಔಟ್‌ಪುಟ್ ಕಾಲುಗಳನ್ನು ಒಂದು ವೈರ್‌ನಿಂದ ಜೋಡಿಸಿ, ಅಲ್ಲಿಂದ ಟೋನ್ ಪಾಟ್‌ನ ಗುರುತು ಇಲ್ಲದ ಅಂಚಿನ ಕಾಲಿಗೆ, ಅಲ್ಲಿಂದ ಜ್ಯಾಕ್‌ನಲ್ಲಿ ಪ್ಲಗ್‌ನ ತುದಿಗೆ ತಾಗುವ ಕಾಲಿಗೆ. ಟೋನ್ ಪಾಟ್‌ನ ನಡುವಿನ ಕಾಲಿಂದ ಅದರ ಬೆನ್ನಿಗೆ ಕೆಪಾಸಿಟರ್. ಗುರುತಿನ ಕಾಲು ಖಾಲಿ. ಎರಡೂ ಪಿಕಪ್‌ನ ಕಪ್ಪು ವೈರ್, ಜ್ಯಾಕ್‌ನ ಗ್ರೌಂಡ್, ಬ್ರಿಡ್ಜ್‌ನಿಂದ (ಸ್ಟ್ರಿಂಗ್‌ಗಳನ್ನು ಕೆಳತುದಿಯಲ್ಲಿ ಹಿಡಿದಿಡುವ ಲೋಹದ ಭಾಗ) ಬರುವ ವೈರ್ ಎಲ್ಲವೂ ಪಾಟ್‌ಗಳ ಬೆನ್ನಿಗೆ. ಸೀರೀಸ್ ಸ್ವಿಚ್ ಇದ್ದ ಗಿಟಾರ್‌ನಲ್ಲಿ ಒಂದು ಪಿಕಪ್‌ನ ಕಪ್ಪು ವೈರ್ ಗ್ರೌಂಡ್‌ನಿಂದ ಬಿಡಿಸಿ ಸ್ವಿಚ್‌ಗೆ ಹೋಗಿರುತ್ತದೆ. ಅದನ್ನು ಮರೆಯದೆ ಗ್ರೌಂಡ್‌ಗೆ ತನ್ನಿ.

ಬೆನ್ನಿಗೆ ಬೆಸೆಯಲು 40ರಿಂದ 60 ವ್ಯಾಟ್‌ನ ಐರನ್ ಬೇಕು. ಉಪ್ಪುಕಾಗದದಿಂದ ಜಾಗ ಉಜ್ಜಿ, ಕಾಯಿಸಿ, ಸೀಸ ಹರಿದ ಕೂಡಲೇ ಐರನ್ ಎತ್ತಿ. ಸಣ್ಣ ಐರನ್‌ನಲ್ಲಿ ನಿಮಿಷಗಟ್ಟಲೆ ಒತ್ತಿ ಹಿಡಿದರೆ ಪಾಟ್ ಒಳಗೇ ಸುಟ್ಟುಹೋಗುತ್ತದೆ. ಒಳಗೆ ರೋಸಿನ್ ಇರುವ ಸೋಲ್ಡರ್ ಮಾತ್ರ ಬಳಸಿ. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಕಂಟ್ರೋಲ್ ಪ್ಲೇಟ್ ಅಡಿಯ ಕುಳಿಯೊಳಗೆ ಯಾರಾದರೂ ತಾಮ್ರದ ಹಾಳೆ ಅಂಟಿಸಿದ್ದರೆ ಕೀಳಬೇಡಿ, ಅದು ಗುಂಯ್ ಸದ್ದು ತಗ್ಗಿಸುತ್ತದೆ. ಪ್ಲೇಟ್ ಮುಚ್ಚುವಾಗ ಪಾಟ್‌ನ ಕಾಲು ಅದಕ್ಕೆ ತಾಗದಿದ್ದರೆ ಸಾಕು.

ಬ್ರಿಡ್ಜ್ ವೈರ್ ಮತ್ತು ಅರ್ಥಿಂಗ್

ಆಕ್ಟಿವ್ ಪಿಕಪ್ ಹಾಕುವಾಗ ಬ್ರಿಡ್ಜ್‌ನ ಗ್ರೌಂಡ್ ವೈರ್ ಕತ್ತರಿಸಿರುವುದುಂಟು. ಸ್ಟ್ರಿಂಗ್‌ಗೂ ಜ್ಯಾಕ್‌ನ ಗ್ರೌಂಡ್‌ಗೂ ಮೀಟರ್ ಹಿಡಿದು ನೋಡಿ. ಬೀಪ್ ಬರದಿದ್ದರೆ ಬ್ರಿಡ್ಜ್ ಎತ್ತಿ, ಅದರಡಿ ತಂತಿಯ ತುದಿ ಸುಲಿದು ಒತ್ತಿ ಕೂರಿಸಬೇಕು. ಇದಿಲ್ಲದೆ ಹಳೆಯ ವೈರಿಂಗ್‌ನಲ್ಲಿ ನುಡಿಸಿದರೆ ಗುಂಯ್ ಸದ್ದು ತಡೆಯಲಾಗದು.

ಆದರೆ ಇದನ್ನು ಜೋಡಿಸಿದ ಮೇಲೆ ನುಡಿಸುವವರ ಬೆರಳು ಸ್ಟ್ರಿಂಗ್ ಮೂಲಕ ಆಂಪ್ಲಿಫೈಯರ್‌ನ ಮೈಗೆ ಸೇರುತ್ತದೆ. ಆಂಪ್‌ನಲ್ಲಿ ದೋಷವಿದ್ದು, ಸಾಕೆಟ್‌ನಲ್ಲಿ ಅರ್ಥಿಂಗ್ ಇಲ್ಲದಿದ್ದರೆ, ತುಟಿ ಮೈಕ್‌ಗೆ ತಾಗಿದಾಗ ಶಾಕ್ ಹೊಡೆಯಬಹುದು. ಪ್ರಾಣವೂ ಹೋಗಬಹುದು. ಊರ ಹಬ್ಬದ ಪೆಂಡಾಲ್‌ಗಳಲ್ಲಿ, ಜನರೇಟರ್ ಮೇಲೆ ನಡೆಯುವ ಆರ್ಕೆಸ್ಟ್ರಾಗಳಲ್ಲಿ ಎರಡು ಪಿನ್‌ನ ಎಕ್ಸ್‌ಟೆನ್ಷನ್ ಬೋರ್ಡ್ ಈಗಲೂ ಕಾಣುತ್ತದೆ. ದಯವಿಟ್ಟು ಅದಕ್ಕೆ ಆಂಪ್ ಚುಚ್ಚಬೇಡಿ. ಮೂರು ಪಿನ್, ಸರಿಯಾದ ಅರ್ಥಿಂಗ್ ಇದ್ದರೆ ಮಾತ್ರ ನುಡಿಸಿ.

ಕೊನೆಗೆ ಮತ್ತೆ ಜ್ಯಾಕ್‌ನಲ್ಲಿ ಅಳೆಯಿರಿ: 3.5ರಿಂದ 4, 7, 125. ಮೂರೂ ಬಂದರೆ ಸ್ಟ್ರಿಂಗ್ ಬಿಗಿ ಮಾಡಿ, ಆಂಪ್‌ಗೆ ಹಾಕಿ. ಪಿಕಪ್ ಒಂದರಲ್ಲೇ ಓಮ್ ಬಾರದಿದ್ದರೂ ಅದನ್ನು ಎಸೆಯಬೇಡಿ. ಎಷ್ಟೋ ಸಲ ತಂತಿ ತುಂಡಾಗಿರುವುದು ಹೊರಗಿನ ಕೊನೆಯ ಸುತ್ತಿನಲ್ಲಿ, ತಳದ ಬೆಸುಗೆಯ ಹತ್ತಿರ. ಪಿಕಪ್ ರೀವೈಂಡ್ ಮಾಡುವವರು ಭೂತಗನ್ನಡಿ ಇಟ್ಟುಕೊಂಡು ಅದನ್ನು ಜೋಡಿಸಬಲ್ಲರು. ಅದೂ ಆಗದಿದ್ದರೆ ಹಳೆಯ ಅಯಸ್ಕಾಂತಗಳ ಮೇಲೇ ಹೊಸ ತಂತಿ ಸುತ್ತಿಸಬಹುದು. ಕಿತ್ತ ಪ್ರೀಆಂಪ್, ಪಾಟ್, ನೀವು ಬರೆದ ಹಾಳೆ ಎಲ್ಲವನ್ನೂ ಒಂದು ಕವರ್‌ನಲ್ಲಿ ಹಾಕಿ ಗಿಟಾರ್ ಕೇಸ್‌ನಲ್ಲೇ ಇಡಿ. ಮುಂದೆ ಆ ಗಿಟಾರ್ ಯಾರ ಕೈಗೆ ಹೋದರೂ ಅವರಿಗೆ ಅದು ಬೇಕಾಗುತ್ತದೆ.