ಆನೆಗುಂದಿ ಸುತ್ತು: ಗದ್ದೆ ನಡುವೆ ದಾರಿ ತಪ್ಪದೆ ನಡೆಯುವುದು ಹೇಗೆ?

ಗಂಗಾವತಿ ತಾಲ್ಲೂಕಿನ ಆನೆಗುಂದಿಗೆ ಬರುವವರಲ್ಲಿ ಬಹಳಷ್ಟು ಮಂದಿ ಅಂಜನಾದ್ರಿ ಹತ್ತಿ, ಇಳಿದು, ಆಟೊ ಹಿಡಿದು ಹೋಗಿಬಿಡುತ್ತಾರೆ. ನಡೆದೇ ಸುತ್ತು ಹಾಕುತ್ತೇವೆ ಎಂದು ಹೊರಟವರು ಬೆಟ್ಟದ ಹತ್ತಿರದ ಹನುಮನಹಳ್ಳಿ ದಾಟಿದ ಮೇಲೆ ಎಡವುತ್ತಾರೆ. ಮೊಬೈಲ್ ನಕ್ಷೆ ನೋಡುತ್ತ ನೆಲ್ಲಿನ ಗದ್ದೆಗೆ ಇಳಿದು, ಮೊಣಕಾಲವರೆಗೆ ಕೆಸರು ಮಾಡಿಕೊಂಡು, ಯಾರದೋ ಬದು ಒಡೆದು ರಸ್ತೆ ಸೇರುತ್ತಾರೆ. ಸುತ್ತು ಎಲ್ಲ ಸೇರಿ ಹತ್ತು–ಹನ್ನೆರಡು ಕಿಲೋಮೀಟರ್. ಹೋಗುವುದು ಡಾಂಬರು ರಸ್ತೆಯಲ್ಲಿ, ಬರುವುದು ಕಾಲುವೆ ಏರಿಯ ಮೇಲೆ. ಕಲಿಯಬೇಕಾದದ್ದೆಲ್ಲ ಬರುವ ದಾರಿಯಲ್ಲೇ ಇದೆ.

1. ಕಾಲ ನೋಡಿ ಹೊರಡಿ

ನವೆಂಬರ್‌ನಲ್ಲಿ, ಕೊಯ್ಲಿಗೆ ಮುಂಚೆ ಬನ್ನಿ. ನೆಲ್ಲು ಹಣ್ಣಾಗಿ ಗದ್ದೆಯ ನೀರು ತೆಗೆದಿರುತ್ತಾರೆ, ಬದು ಗಟ್ಟಿಯಾಗಿರುತ್ತದೆ. ಆಗಸ್ಟ್‌ನಲ್ಲಿ ಹಸಿರು ಚೆಂದ, ಆದರೆ ಆಗಷ್ಟೇ ನಾಟಿ ಮುಗಿದಿರುತ್ತದೆ, ಕಾಲಿಡಲು ಜಾಗವಿರುವುದಿಲ್ಲ. ಏಪ್ರಿಲ್, ಮೇ ತಿಂಗಳಂತೂ ಬೇಡ, ಬಂಡೆ ಕಾದು ಕಾವಲಿಯಾಗಿರುತ್ತದೆ. ಶನಿವಾರ ಅಂಜನಾದ್ರಿಯಲ್ಲಿ ಜನ ಜಾಸ್ತಿ. ಹನುಮದ್ ವ್ರತದ ದಿನ ಮಾಲಾಧಾರಿಗಳು ಸಾವಿರಗಟ್ಟಲೆ ಬರುತ್ತಾರೆ, ಆವತ್ತು ಸುತ್ತಿನ ಆಸೆ ಬಿಡಿ.

ಒಬ್ಬೊಬ್ಬರಿಗೆ ಎರಡು ಲೀಟರ್ ನೀರು, ಅಂಚಿರುವ ಟೋಪಿ, ಒಂದು ಕೋಲು. ಕಾಲಿಗೆ ಹಿಂದೆ ಪಟ್ಟಿ ಇರುವ ಸ್ಯಾಂಡಲ್ಲೇ ಆಗಬೇಕು. ಹವಾಯಿ ಚಪ್ಪಲಿಯನ್ನು ಕೆಸರು ಎಳೆದುಕೊಳ್ಳುತ್ತದೆ. ಅಗ್ಗದ ಕ್ಯಾನ್‌ವಾಸ್ ಶೂ ಒಮ್ಮೆ ನೆನೆದರೆ ದಿನವಿಡೀ ಒಣಗುವುದಿಲ್ಲ, ಹಿಮ್ಮಡಿಯಲ್ಲಿ ಬೊಬ್ಬೆ ಏಳುತ್ತದೆ.

2. ಆನೆಗುಂದಿಯಿಂದ ಅಂಜನಾದ್ರಿ

ಬೆಳಿಗ್ಗೆ ಆರಕ್ಕೆ ಗಗನಮಹಲಿನ ಮುಂದಿನಿಂದ ಹೊರಡಿ. ರಸ್ತೆ ನೇರ, ಬಿಸಿಲು ಬೆನ್ನಿಗೆ. ದಾರಿಯಲ್ಲಿ ದುರ್ಗಾ ಗುಡಿ ಮತ್ತು ಪಂಪಾ ಸರೋವರಕ್ಕೆ ತಿರುವುಗಳಿವೆ. ಎರಡರಲ್ಲಿ ಒಂದಕ್ಕೇ ಸಮಯವಿದ್ದರೆ ಸರೋವರಕ್ಕೆ ಹೋಗಿ. ಅಂಜನಾದ್ರಿಗೆ 575 ಮೆಟ್ಟಿಲು. ಕೈಯಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ಮಂಗಗಳು ಬಿಡುವುದಿಲ್ಲ, ತಿನ್ನುವುದೆಲ್ಲ ಬೆನ್ನುಚೀಲದ ಒಳಗಿರಲಿ. ಮೆಟ್ಟಿಲು ಬಿಟ್ಟು ಬಂಡೆ ಮೇಲಿಂದ ಇಳಿಯುವ ಅಡ್ಡದಾರಿ ಹುಡುಕಬೇಡಿ. ಈ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ.

ಕೆಳಗಿಳಿದು ಒಗ್ಗರಣೆ ಮಂಡಕ್ಕಿ, ಮಿರ್ಚಿ ಭಜಿ ತಿಂದುಕೊಳ್ಳಿ. ಮುಂದೆ ಆನೆಗುಂದಿವರೆಗೆ ಅಂಗಡಿ ನೆಚ್ಚಿಕೊಳ್ಳಬೇಡಿ.

3. ಹನುಮನಹಳ್ಳಿಯಿಂದ ಕಾಲುವೆ ಏರಿ

ಇಲ್ಲಿ ನಕ್ಷೆ ಮುಚ್ಚಿಡಿ. ಅದು ತೋರಿಸುವ ಕಾಲುದಾರಿಗಳಲ್ಲಿ ಅರ್ಧ, ಗದ್ದೆ ಒಣಗಿದ್ದಾಗ ಮಾತ್ರ ಇರುವ ದಾರಿಗಳು. ಊರವರನ್ನು ‘ಶಾರ್ಟ್‌ಕಟ್ ಯಾವುದು’ ಎಂದು ಕೇಳಬೇಡಿ, ‘ಕಾಲುವೆ ಏರಿ ಮ್ಯಾಲ ಆನೆಗುಂದಿಗೆ ಹೋಗಬೇಕ್ರಿ’ ಎಂದು ಕೇಳಿ. ಸರಿಯಾದ ಕಡೆ ಕೈ ತೋರಿಸುತ್ತಾರೆ.

ವಿಜಯನಗರದ ಅರಸರ ಕಾಲದ ಕಾಲುವೆಗಳು ಇಲ್ಲಿ ಇನ್ನೂ ಗದ್ದೆಗೆ ನೀರುಣಿಸುತ್ತಿವೆ. ತುಂಗಭದ್ರಾ ಹೊಳೆಗೆ ಅಡ್ಡಲಾಗಿ ಕಲ್ಲಿನ ಒಡ್ಡು ಹಾಕಿ, ನೀರನ್ನು ಪಕ್ಕಕ್ಕೆ ತಿರುಗಿಸಿ, ಗುಡ್ಡದ ಬುಡ ಹಿಡಿದು ನಿಧಾನಕ್ಕೆ ಇಳಿಸಿದ್ದಾರೆ. ಆ ಜಾಣತನ ಅರ್ಥವಾದರೆ ದಾರಿ ತಪ್ಪುವುದೇ ಇಲ್ಲ. ಮುಖ್ಯ ಕಾಲುವೆ ಯಾವಾಗಲೂ ಎತ್ತರದಲ್ಲಿ, ಗುಡ್ಡದ ಕಡೆ. ಗದ್ದೆಗಳು ಅದರ ಕೆಳಗೆ. ಗದ್ದೆ ಆಚೆ ಹೊಳೆ. ಆನೆಗುಂದಿ ಕಡೆ ಮುಖ ಮಾಡಿ ನಿಂತರೆ ಗುಡ್ಡ ಎಡಕ್ಕೆ, ಹೊಳೆ ಬಲಕ್ಕೆ.

ಹಾಗಾಗಿ ಗದ್ದೆಗೆ ನೀರು ಬಿಡುವ ತೂಬು ಬಂದಾಗಲೆಲ್ಲ ಸೀಳುಗಾಲುವೆ ಬಲಕ್ಕೆ ಒಡೆಯುತ್ತದೆ. ಅದರ ದಂಡೆ ಕೆಲವೊಮ್ಮೆ ಮುಖ್ಯ ಏರಿಗಿಂತ ನುಣ್ಣಗೆ, ತುಳಿದು ಸವೆದಂತೆ ಕಾಣುತ್ತದೆ. ನಂಬಿ ಇಳಿದರೆ ನಾಲ್ಕು ಗದ್ದೆ ದಾಟಿದ ಮೇಲೆ ಬಾಳೆ ತೋಟದಲ್ಲೋ ಹೊಳೆದಂಡೆಯ ಮುಳ್ಳುಕಂಟಿಯಲ್ಲೋ ಮುಗಿದುಹೋಗುತ್ತದೆ. ಪ್ರತಿ ತೂಬಿನಲ್ಲಿ ಎಡದ ಎತ್ತರ ಬಿಡಬೇಡಿ, ಟ್ರ್ಯಾಕ್ಟರ್ ಗಾಲಿಯ ಗುರುತಿರುವ ಅಗಲ ಏರಿಯನ್ನೇ ಹಿಡಿಯಿರಿ. ಅನುಮಾನ ಬಂದರೆ ನೀರು ನೋಡಿ. ಒಂದು ಒಣ ಎಲೆ ಎಸೆಯಿರಿ. ಅದು ನೀವು ಹೋಗುವ ಕಡೆಗೇ ತೇಲಬೇಕು. ನಿಮ್ಮ ಎದುರಿಗೆ ಬಂದರೆ ನೀವು ತಿರುಗಿ ಹನುಮನಹಳ್ಳಿಗೆ ಹೊರಟಿದ್ದೀರಿ.

ಸಿಮೆಂಟ್ ಹಾಸಿದ ಕಡೆ ಅಂಚಿಗೆ ಹೋಗಬೇಡಿ. ನೀರಿನ ಮಟ್ಟದಲ್ಲಿ ಪಾಚಿ ಹಿಡಿದಿರುತ್ತದೆ, ಜಾರಿ ಬಿದ್ದವರಿಗೆ ಹಿಡಿದು ಮೇಲೇರಲು ಒಂದು ಕಲ್ಲೂ ಸಿಗುವುದಿಲ್ಲ. ಕಾಲುವೆಯಲ್ಲಿ ಮುಖ ತೊಳೆಯುವುದೂ ಬೇಡ.

ಬದುವಿನ ಮೇಲೆ ನಡೆಯಲೇಬೇಕಾದ ಜಾಗ ಬಂದರೆ ಮೊದಲು ಬಣ್ಣ ನೋಡಿ. ಕಪ್ಪಗೆ ಹೊಳೆಯುತ್ತಿದ್ದರೆ ಹೊಸದಾಗಿ ಕೆಸರು ಮೆತ್ತಿದ್ದಾರೆ ಎಂದರ್ಥ, ಹೆಜ್ಜೆ ಇಡಬಾರದು. ಬೂದು ಬಣ್ಣಕ್ಕೆ ತಿರುಗಿ ಹುಲ್ಲು ಹಿಡಿದಿದ್ದರೆ ತಾಳುತ್ತದೆ. ಬದುವಿನ ಪಕ್ಕದಲ್ಲಿ ಗೋಲಿ ಗೋಲಿ ಮಣ್ಣು ಗುಡ್ಡೆಯಾಗಿದ್ದರೆ ಅದು ಏಡಿ ಬಿಲ. ಮೇಲೆ ಗಟ್ಟಿ ಕಂಡರೂ ಒಳಗೆ ಟೊಳ್ಳು, ಕಾಲಿಟ್ಟರೆ ಕುಸಿಯುತ್ತದೆ. ಬಿಲದಲ್ಲಿ ಹಾವೂ ಇರಬಹುದು, ಕೋಲು ಬಡಿಯುತ್ತ ಒಬ್ಬರ ಹಿಂದೆ ಒಬ್ಬರು ನಡೆಯಿರಿ. ಒಂದು ಬದು ಒಡೆದರೆ ಮೇಲಿನ ಮಡಿಯ ನೀರು, ಅದರ ಜತೆ ಹಾಕಿದ ಗೊಬ್ಬರ, ಕೆಳಗಿನವರ ಮಡಿಗೆ ಹರಿದುಹೋಗುತ್ತದೆ. ಒಡೆದೇಹೋದರೆ ಹತ್ತಿರದಲ್ಲಿರುವ ರೈತನಿಗೆ ಕೂಗಿ ಹೇಳಿ. ಸನಿಕೆ ತಂದು ಎರಡೇ ನಿಮಿಷದಲ್ಲಿ ಮುಚ್ಚಿಬಿಡುತ್ತಾರೆ. ಹೇಳದೆ ಬಂದರೆ ಸಂಜೆಯೊಳಗೆ ಮಡಿ ಬರಿದು.

ಗದ್ದೆ ಬೇಡ, ಹೊಳೆದಂಡೆಯ ಬಂಡೆಗಳ ಮೇಲೇ ಹೋಗೋಣ ಎನ್ನುವವರಿದ್ದಾರೆ. ಬೇಡವೇ ಬೇಡ. ಜಲಾಶಯದಿಂದ ನೀರು ಬಿಟ್ಟರೆ ಹೊಳೆ ಏರುತ್ತದೆ, ತುಂಗಭದ್ರೆಯಲ್ಲಿ ಮೊಸಳೆಗಳೂ ಇವೆ. ಜಲಾಶಯದ ಕೆಳಗಿನಿಂದ ಕಂಪ್ಲಿವರೆಗಿನ ಹೊಳೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಗಿದೆ. ನೀರುನಾಯಿಗಳ ಪೊಟರೆ ಇರುವುದು ಇಂಥ ಬಂಡೆ ಸಂದುಗಳಲ್ಲೇ.

4. ಹೊಳೆದಂಡೆಯಲ್ಲಿ ಮುಗಿಸಿ

ಆನೆಗುಂದಿ ಸೇರಿದ ಮೇಲೆ ಹುಚ್ಚಪ್ಪಯ್ಯನ ಮಠದ ಕಪ್ಪುಕಲ್ಲಿನ ಕಂಬಗಳನ್ನು ಬಿಡಬೇಡಿ, ತಿರುಗಣೆಗೆ ಹಾಕಿ ಕಡೆದಂಥ ನುಣುಪು. ಅಲ್ಲಿಂದ ಹೊಳೆದಂಡೆಯ ಚಿಂತಾಮಣಿ ಮಠಕ್ಕೆ ಹೋಗಿ, ನೆರಳಿದೆ. ವಾಲಿಗೆ ರಾಮ ಬಾಣ ಬಿಟ್ಟದ್ದು ಇಲ್ಲಿಂದಲೇ ಎನ್ನುತ್ತಾರೆ. ಹೊಳೆ ನಡುವಿನ 64 ಕಂಬದ ಮಂಟಪವನ್ನು ಊರವರು ಕೃಷ್ಣದೇವರಾಯನ ಸಮಾಧಿ ಎನ್ನುತ್ತಾರೆ. ಆ ಮಂಟಪ ಮುಳುಗಿದ ಸುದ್ದಿ ಬಂದ ದಿನ ನಡುಗಡ್ಡೆಯ ನವವೃಂದಾವನಕ್ಕೆ ಹೋಗುವ ಯೋಚನೆ ಬಿಡಿ.

ಹೊಳೆ ಇಳಿದಿದ್ದರೆ ನಡುಗಡ್ಡೆಗೆ ದಾಟಿ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ಊರಿನ ದುಂಡು ಹರಿಗೋಲುಗಳನ್ನು ಬುಟ್ಟಿಗೆ ಹೋಲಿಸಿ ಬರೆದಿದ್ದಾನೆ, ಆಗ ಹೊರಗೆ ಹೊದಿಸುತ್ತಿದ್ದದ್ದು ಚರ್ಮ. ಹರಿಗೋಲು ಹತ್ತುವಾಗ ನಟ್ಟನಡುವೆ ಕಾಲಿಟ್ಟು ಕೂಡಲೇ ಕುಳಿತುಕೊಳ್ಳಿ. ಅಂಚು ತುಳಿದರೆ ವಾಲುತ್ತದೆ. ಜೀವರಕ್ಷಕ ಜಾಕೆಟ್ ಕೊಡದಿದ್ದರೆ ಹತ್ತಬೇಡಿ. ನಡುಗಡ್ಡೆಯಲ್ಲಿ ವ್ಯಾಸರಾಜರೂ ಸೇರಿ ಒಂಬತ್ತು ಮಾಧ್ವ ಯತಿಗಳ ವೃಂದಾವನಗಳಿವೆ. ಅವುಗಳ ಸುತ್ತಲಿನ ಗುರುತಿನ ಗೆರೆ ದಾಟಬಾರದು, ಮಾತು ಮೆಲ್ಲಗಿರಲಿ. ದಾಟುವ ಮುನ್ನವೇ ಅಂಬಿಗರ ಬಳಿ ವಾಪಸ್ ಬರುವ ಹೊತ್ತು ಗೊತ್ತುಮಾಡಿಕೊಳ್ಳಿ, ಕತ್ತಲಾದರೆ ಹರಿಗೋಲು ಬಿಡುವುದಿಲ್ಲ.