ಸೂಪರ್‌ಕಂಡಕ್ಟರ್ ರಿಸರ್ಚ್‌ಗೆ ಇಳಿಯೋರು ಮೊದಲು ಒಂದು ವೈಬಿಸಿಒ ಬಿಲ್ಲೆ ಮಾಡಿ ನೋಡಿ

ಸೂಪರ್‌ಕಂಡಕ್ಟಿವಿಟೀಲಿ (ತುಂಬಾ ತಣ್ಣಗಾದಾಗ ಕರೆಂಟ್‌ಗೆ ರೆಸಿಸ್ಟೆನ್ಸೇ ಇಲ್ಲದಂತಾಗೋ ಗುಣ) ಪಿಎಚ್‌ಡಿ ಮಾಡ್ಬೇಕು ಅಂತಿರೋರು ಲ್ಯಾಬಲ್ಲಿ ಒಂದು ವೈಬಿಸಿಒ (ಯಿಟ್ರಿಯಂ, ಬೇರಿಯಂ, ತಾಮ್ರ, ಆಕ್ಸಿಜನ್ ಸೇರಿದ ಸೂಪರ್‌ಕಂಡಕ್ಟರ್) ಬಿಲ್ಲೆ ಕೈಯಾರೆ ಮಾಡಿ, ಅರ್ಧ ಪಾಠ ಅಲ್ಲೇ ಆಗತ್ತೆ. ಯಿಟ್ರಿಯಂ ಆಕ್ಸೈಡ್, ಬೇರಿಯಂ ಕಾರ್ಬೊನೇಟ್, ಕಾಪರ್ ಆಕ್ಸೈಡ್ ತಗೊಂಡು ಯಿಟ್ರಿಯಂ, ಬೇರಿಯಂ, ತಾಮ್ರ 1:2:3 ಬರೋ ಹಾಗೆ ಲೆಕ್ಕ ಹಾಕಿ ತೂಗ್ಬೇಕು (ಬೇರಿಯಂ ಕಾರ್ಬೊನೇಟ್ ವಿಷ, ಗ್ಲೌಸ್ ಮಾಸ್ಕ್ ಇಲ್ದೆ ಮುಟ್ಬೇಡಿ). ಬೇಜಾರಾಗೋವರೆಗೂ ಅರೀರಿ, ಆಮೇಲೆ ಇನ್ನೂ ಸ್ವಲ್ಪ. 900 ಡಿಗ್ರಿ ಸೆಲ್ಸಿಯಸ್ ಹತ್ರ ಫರ್ನೇಸಲ್ಲಿ ರಾತ್ರಿಯಿಡೀ ಸುಟ್ಟು, ಮತ್ತೆ ಅರೆದು, ಪ್ರೆಸ್ಸಲ್ಲಿ ಒತ್ತಿ ಬಿಲ್ಲೆ ಮಾಡಿ 940ರ ಆಸುಪಾಸಲ್ಲಿ ಇನ್ನೊಮ್ಮೆ ಸುಡಿ. ಕಪ್ಪಾಗಿರ್ಬೇಕು, ಹಸಿರು ಕಂಡ್ರೆ ಬೇರೆ ಫೇಸ್ (ನಮಗೆ ಬೇಡದ ಇನ್ನೊಂದು ಸಂಯುಕ್ತ) ಸೇರ್ಕೊಂಡಿದೆ ಅಂತ.

ಜನ ಎಡವೋದು ತಣ್ಣಗೆ ಮಾಡೋವಾಗ. ಆಕ್ಸಿಜನ್ ಹರಿಸ್ತಾ ನಿಧಾನಕ್ಕೆ ಇಳಿಸ್ಬೇಕು, 450 ಹತ್ರ ಗಂಟೆಗಟ್ಲೆ ನಿಲ್ಲಿಸ್ಬೇಕು, ಯಾಕಂದ್ರೆ ಸಾಕಷ್ಟು ಆಕ್ಸಿಜನ್ ಒಳಗೆ ಹೋಗ್ಲಿಲ್ಲಾಂದ್ರೆ ಅದು ಸೂಪರ್‌ಕಂಡಕ್ಟರೇ ಅಲ್ಲ. ಆಮೇಲೆ ಫೋರ್ ಪ್ರೋಬ್ (ನಾಲ್ಕು ಕಡೆ ಮುಟ್ಟಿಸಿ ರೆಸಿಸ್ಟೆನ್ಸ್ ಅಳೆಯೋ ವಿಧಾನ) ಹಾಕಿ ತಣ್ಣಗೆ ಮಾಡ್ತಾ ನೋಡಿ, 92 ಕೆಲ್ವಿನ್ ಹತ್ರ ರೆಸಿಸ್ಟೆನ್ಸ್ ದಡಕ್ಕನೆ ಬಿದ್ದೋಗತ್ತೆ. ಅಂದ್ರೆ 77 ಕೆಲ್ವಿನ್‌ನ ಲಿಕ್ವಿಡ್ ನೈಟ್ರೋಜನ್ನೇ ಸಾಕು, ದುಬಾರಿ ಹೀಲಿಯಂ ಬೇಡ. 1987ರಲ್ಲಿ ಇದು ಸಿಕ್ಕಾಗ ಅಷ್ಟು ಗದ್ದಲ ಆಗಿದ್ದೂ ಅದಕ್ಕೇ, ಬೆಂಗಳೂರಿನ ಐಐಎಸ್‌ಸೀಲಿ ಸಿ.ಎನ್.ಆರ್. ರಾವ್ ಅವರ ಗುಂಪೂ ಆಗ ಇದರ ಹಿಂದೆ ಬಿದ್ದಿತ್ತು. ತಣ್ಣಗಾದ ಬಿಲ್ಲೆ ಮೇಲೆ ಮ್ಯಾಗ್ನೆಟ್ ತೇಲಿಸೋದು ಫೋಟೋಗೆ ಚೆನ್ನ, ಪೇಪರ್‌ಗೆ ಮಾತ್ರ ಸ್ಕ್ವಿಡ್ ಮ್ಯಾಗ್ನೆಟೋಮೀಟರ್ (ತೀರಾ ಸಣ್ಣ ಕಾಂತತ್ವಾನೂ ಅಳೆಯೋ ಉಪಕರಣ) ಡೇಟಾ ಇಟ್ಕೊಳ್ಳಿ, ಅದೂ ಜೀರೋ ಫೀಲ್ಡ್ ಕೂಲ್ಡ್ (ಕಾಂತಕ್ಷೇತ್ರ ಇಲ್ದೆ ತಣ್ಣಗೆ ಮಾಡಿದ್ದು), ಫೀಲ್ಡ್ ಕೂಲ್ಡ್ (ಕಾಂತಕ್ಷೇತ್ರದಲ್ಲೇ ತಣ್ಣಗೆ ಮಾಡಿದ್ದು) ಎರಡೂ.